ಮನೆಯಲ್ಲೇ ಉಗುರು ಮತ್ತು ಸೌಂದರ್ಯ ಸಲೂನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಒಂದು ಕೋಣೆಯಲ್ಲಿ ಉಗುರಿನ ಕೆಲಸ, ಹುಬ್ಬು, ವ್ಯಾಕ್ಸಿಂಗ್, ಫೇಶಿಯಲ್ ಆರಂಭಿಸಬೇಕೆಂದಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಬಣ್ಣ, ವಿನ್ಯಾಸಗಳ ಬಗ್ಗೆ ಹೆಚ್ಚೇನೂ ಸಿಗುವುದಿಲ್ಲ. ಅದನ್ನು ಕಲಿಸುವ ವಿಡಿಯೊಗಳಿಗೆ ಬರವಿಲ್ಲ. ಒಬ್ಬ ಗ್ರಾಹಕರು ಎದ್ದು ಹೋಗಿ ಇನ್ನೊಬ್ಬರು ಬಂದು ಕೂರುವ ನಡುವಿನ ಕಾಲು ಗಂಟೆಯಲ್ಲಿ ನೀವು ಏನು ಮಾಡುತ್ತೀರಿ ಎಂಬುದರ ಮೇಲೆಯೇ ಈ ವೃತ್ತಿ ನಿಂತಿದೆ ಎಂದು ನಂಬಿರುವವಳು ನಾನು. ಹಾಗಾಗಿ ಉತ್ತರಗಳೂ ಆ ಕಡೆಗೇ ವಾಲಿವೆ.

ಪ್ರತ್ಯೇಕ ಕೋಣೆ ಬೇಕೇ? ಹಾಲ್‌ನ ಮೂಲೆಯಲ್ಲಿ ಮಾಡಿದರೆ ಆಗದೇ?

ಹುಬ್ಬು, ಸಾದಾ ಮೆನಿಕ್ಯೂರ್‌ಗಳಷ್ಟೇ ಆದರೆ ಮೂಲೆಯೂ ಸಾಕು. ಜೆಲ್ (ಅತಿನೇರಳೆ ಬೆಳಕಿನ ಲ್ಯಾಂಪ್ ಕೆಳಗೆ ಗಟ್ಟಿಯಾಗುವ ಪಾಲಿಶ್), ಅಕ್ರಿಲಿಕ್ (ದ್ರವ, ಪುಡಿ ಬೆರೆಸಿ ಕಟ್ಟುವ ಕೃತಕ ಉಗುರು), ವ್ಯಾಕ್ಸಿಂಗ್ ಮಾಡುವುದಾದರೆ ಬಾಗಿಲು ಮುಚ್ಚಬಹುದಾದ ಕೋಣೆಯೇ ಬೇಕು. ಉಗುರು ಉಜ್ಜಿದ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದು. ಸೋಫಾದ ಬಟ್ಟೆ, ಪರದೆ, ಮಗುವಿನ ಆಟಿಕೆ ಎಲ್ಲದರ ಮೇಲೂ ಕೂರುತ್ತದೆ. ಅಡುಗೆಮನೆಯಲ್ಲಂತೂ ಬೇಡವೇ ಬೇಡ. ಅಲ್ಲಿ ಆಹಾರವಿದೆ, ಜೊತೆಗೆ ಬೆಂಕಿಯೂ ಇದೆ.

ಕೋಣೆ ಆರಿಸುವಾಗ ಅದು ಎಷ್ಟು ದೊಡ್ಡದು ಎಂದು ನೋಡುವ ಮೊದಲು ಮೂರು ಸಂಗತಿ ನೋಡಿ. ಹೊರಗಿನ ಗಾಳಿ ಬರುವ ಕಿಟಕಿ ಇದೆಯೇ? ಕೈ ತೊಳೆಯುವ ನಲ್ಲಿ ಹತ್ತಿರದಲ್ಲಿದೆಯೇ? ಗ್ರಾಹಕರು ನಿಮ್ಮ ಮಲಗುವ ಕೋಣೆಯನ್ನೋ ಅಡುಗೆಮನೆಯನ್ನೋ ಹಾಯದೆ ಅಲ್ಲಿಗೂ ಶೌಚಾಲಯಕ್ಕೂ ಹೋಗಬಹುದೇ? ಮುಂಬಾಗಿಲ ಪಕ್ಕದ ಸಣ್ಣ ಕೋಣೆ, ಒಳಗಿನ ದೊಡ್ಡ ಕೋಣೆಗಿಂತ ಎಷ್ಟೋ ವಾಸಿ.

ನೆಲಕ್ಕೆ ಟೈಲ್ಸ್ ಅಥವಾ ಒರೆಸಬಹುದಾದ ಹಾಸು ಇರಲಿ. ಬಟ್ಟೆಯ ಕುರ್ಚಿಗಿಂತ ರೆಕ್ಸಿನ್ ಕುರ್ಚಿ ಒಳ್ಳೆಯದು. ಗೋಡೆಗೆ ಯಾವ ಬಣ್ಣ ಎಂಬ ಚರ್ಚೆಯಲ್ಲಿ ವಾರಗಟ್ಟಲೆ ಕಳೆಯುವವರಿದ್ದಾರೆ. ಬಿಳಿಗೆ ಹತ್ತಿರದ ಯಾವುದಾದರೂ ಬಣ್ಣ ಹೊಡೆಸಿ ಮುಂದಕ್ಕೆ ಹೋಗಿ. ಕಡುಬಣ್ಣದ ಗೋಡೆಯ ಪ್ರತಿಫಲನದಲ್ಲಿ ಪಾಲಿಶ್‌ನ ಬಣ್ಣವೇ ಬೇರೆಯಾಗಿ ಕಾಣುತ್ತದೆ.

ಅನುಮತಿ, ಪರವಾನಗಿ ಇತ್ಯಾದಿ ಬೇಕಾಗುತ್ತದೆಯೇ?

ಬಹುತೇಕ ಎಲ್ಲ ಕಡೆ ಯಾವುದೋ ಒಂದು ರೂಪದಲ್ಲಿ ಬೇಕಾಗುತ್ತದೆ. ನಿಯಮ ಊರಿಂದ ಊರಿಗೆ ಬದಲಾಗುವುದರಿಂದ ನಿಮ್ಮ ಸ್ಥಳೀಯ ಆಡಳಿತದ ಕಚೇರಿಯಲ್ಲಿ ಕೇಳುವುದೇ ದಾರಿ. ವಾಸದ ಮನೆಯಲ್ಲಿ ವ್ಯಾಪಾರ ಮಾಡಬಹುದೇ, ವೃತ್ತಿ ತರಬೇತಿಯ ಪ್ರಮಾಣಪತ್ರ ಕಡ್ಡಾಯವೇ, ತೆರಿಗೆ ನೋಂದಣಿ ಯಾವಾಗ, ಫಲಕ ಹಾಕಬಹುದೇ ಎಂದು ನಾಲ್ಕೂ ಪ್ರಶ್ನೆ ಒಮ್ಮೆಗೇ ಕೇಳಿ. ಬಾಡಿಗೆ ಮನೆಯಾದರೆ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಮೊದಲ ಜಗಳದವರೆಗೆ ಮಾತ್ರ. ವಸತಿ ಸಮುಚ್ಚಯವಾದರೆ ಸಂಘದ ನಿಯಮ ನೋಡಿ.

ವಿಮೆಯ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಸಾಮಾನ್ಯ ಗೃಹವಿಮೆ ಮನೆಯೊಳಗಿನ ವ್ಯಾಪಾರದಿಂದ ಆದ ನಷ್ಟವನ್ನು ಎಷ್ಟೋ ಸಲ ಭರಿಸುವುದಿಲ್ಲ. ಗ್ರಾಹಕರು ಜಾರಿ ಬಿದ್ದರೆ, ಚರ್ಮ ಸುಟ್ಟರೆ ಎಂಬುದಕ್ಕೆ ಬೇರೆ ಹೊಣೆಗಾರಿಕೆ ವಿಮೆ ಇರುತ್ತದೆ. ಅದನ್ನು ಮಾಡಿಸುವಾಗ ನೀವು ಕೊಡುವ ಪ್ರತಿ ಸೇವೆಯ ಹೆಸರೂ ಪಾಲಿಸಿಯಲ್ಲಿದೆಯೇ ಎಂದು ಓದಿ ನೋಡಿ.

ಯಾವ ಸೇವೆಗಳಿಂದ ಆರಂಭಿಸಬೇಕು?

ನಿಮಗೆ ಈಗಾಗಲೇ ಚೆನ್ನಾಗಿ ಬರುವ ಮೂರರಿಂದ. ಇಪ್ಪತ್ತು ಸೇವೆಗಳ ದರಪಟ್ಟಿ ನೋಡಲು ಭರ್ಜರಿಯಾಗಿರುತ್ತದೆ. ಆದರೆ ಪ್ರತಿಯೊಂದಕ್ಕೂ ಬೇರೆ ಸಾಮಗ್ರಿ, ಬೇರೆ ಶುದ್ಧೀಕರಣ, ಬೇರೆ ಅಪಾಯ. ತಿಂಗಳಿಗೊಮ್ಮೆ ಯಾರೋ ಕೇಳುವ ಸೇವೆಗಾಗಿ ತೆರೆದ ಡಬ್ಬಿ ಕಪಾಟಿನಲ್ಲೇ ಹಳಸುತ್ತದೆ. ಹುಬ್ಬು, ಸಾದಾ ಮೆನಿಕ್ಯೂರ್–ಪೆಡಿಕ್ಯೂರ್, ಜೆಲ್ ಪಾಲಿಶ್ ಇವು ಮೂರು ಜನರನ್ನು ಮತ್ತೆ ಮತ್ತೆ ಕರೆತರುತ್ತವೆ. ಕೂದಲು ಬೆಳೆಯುವುದು ನಿಲ್ಲದು, ಉಗುರೂ ಅಷ್ಟೇ: ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ. ಎರಡು ಮೂರು ವಾರಕ್ಕೆ ಬುಡದಲ್ಲಿ ಬಣ್ಣವಿಲ್ಲದ ಅಂಚು ಕಾಣಿಸಿತೆಂದರೆ ನಿಮ್ಮ ಫೋನ್ ತಾನಾಗಿ ಬಾರಿಸುತ್ತದೆ.

ಕಣ್ಣರೆಪ್ಪೆಗೆ ಕೂದಲು ಅಂಟಿಸುವುದು, ರಾಸಾಯನಿಕ ಪೀಲ್, ಸೂಜಿ ಬಳಸುವ ಯಾವುದೇ ಚಿಕಿತ್ಸೆ ಇವನ್ನು ಸರಿಯಾದ ತರಬೇತಿ ಇಲ್ಲದೆ ಮುಟ್ಟಬೇಡಿ. ಇದರಲ್ಲಿ ಎರಡು ಮಾತಿಲ್ಲ.

ಮೊದಲ ದಿನಕ್ಕೆ ಏನೇನು ಕೊಳ್ಳಬೇಕು?

ಬಣ್ಣದ ಬಾಟಲಿಗಳಿಗೆ ಕೈ ಹಾಕುವ ಮುನ್ನ ಲೋಹದ ಉಪಕರಣಗಳನ್ನು ಕೊಳ್ಳಿ, ಅದೂ ಒಂದಲ್ಲ, ಕನಿಷ್ಠ ಮೂರು ಸೆಟ್. ಒಂದು ಕೆಲಸದಲ್ಲಿದ್ದರೆ ಇನ್ನೊಂದು ಶುದ್ಧವಾಗುತ್ತಿರುತ್ತದೆ, ಮೂರನೆಯದು ಮುಚ್ಚಿದ ಪೆಟ್ಟಿಗೆಯಲ್ಲಿ ಸಿದ್ಧ. ಒಂದೇ ಕಟರ್ ಇಟ್ಟುಕೊಂಡವರು ಸಂಜೆಯ ಗಡಿಬಿಡಿಯಲ್ಲಿ ಅದನ್ನು ಒರೆಸಿ ಮುಂದಿನವರಿಗೆ ಬಳಸದೆ ವಿಧಿಯಿಲ್ಲ.

ಎತ್ತರ ಹೊಂದಿಸಬಹುದಾದ ಕುರ್ಚಿ, ಗಟ್ಟಿ ಮೇಜು, ಒಳ್ಳೆಯ ಬೆಳಕಿನ ದೀಪ, ಮುಚ್ಚಳವಿರುವ ಕಸದ ಡಬ್ಬಿ, ಒಂದು ಸಲ ಬಳಸಿ ಎಸೆಯುವ ಟವೆಲ್ ಮತ್ತು ಫೈಲ್‌ಗಳು ಇಷ್ಟಾದ ಮೇಲೆ ಪಾಲಿಶ್. ಬಣ್ಣ ಹನ್ನೆರಡು ಹದಿನೈದು ಇದ್ದರೆ ಧಾರಾಳ: ಒಂದೆರಡು ಕೆಂಪು, ಮೈಬಣ್ಣಕ್ಕೆ ಹತ್ತಿರದ ನಾಲ್ಕೈದು, ಒಂದು ಕಪ್ಪು, ಒಂದು ಬಿಳಿ, ಉಳಿದದ್ದು ನಿಮ್ಮ ಮೋಜಿಗೆ. ನೂರು ಬಣ್ಣಗಳ ಗೋಡೆಯ ಮುಂದೆ ಅರ್ಧ ಗಂಟೆ ಯೋಚಿಸಿದವರೂ ಕೊನೆಗೆ ಕೈ ಇಡುವುದು ಮೈಬಣ್ಣದ ಬಾಟಲಿಯ ಮೇಲೆಯೇ.

ಜೆಲ್ ಬಾಟಲಿಗಳನ್ನು ಕಿಟಕಿಯ ಪಕ್ಕ ಅಲಂಕಾರಕ್ಕೆ ಜೋಡಿಸಬೇಡಿ. ಬಿಸಿಲಿನಲ್ಲೂ ಅತಿನೇರಳೆ ಕಿರಣಗಳಿವೆ. ಬಾಟಲಿಯ ಕುಂಚದಲ್ಲಿ ಉಳಿದ ಜೆಲ್ ಅಲ್ಲೇ ಗಟ್ಟಿಯಾಗಿ ಕುಂಚ ಕಡ್ಡಿಯಾಗುತ್ತದೆ. ಪ್ರತಿ ಡಬ್ಬಿಯ ಮೇಲೂ ತೆರೆದ ದಿನಾಂಕ ಬರೆದಿಡಿ. ತೆರೆದ ಡಬ್ಬಿಯ ಸಣ್ಣ ಚಿತ್ರದೊಳಗೆ 12 ಎಂ ಎಂಬಂತೆ ಮುದ್ರಿಸಿರುವುದು ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದು ಎಂಬುದರ ಸೂಚನೆ.

ಜೆಲ್ ಪಾಲಿಶ್‌ನಿಂದ ಅಲರ್ಜಿ ಆಗುತ್ತದಂತೆ, ನಿಜವೇ?

ನಿಜ. ಮನೆಯಲ್ಲಿ ತಾವಾಗಿಯೇ ಜೆಲ್ ಹಚ್ಚಿಕೊಳ್ಳುವ ಚಾಳಿ ಬೆಳೆದ ಮೇಲೆ ಇದು ಇನ್ನಷ್ಟು ಕಾಣಿಸಿಕೊಳ್ಳುತ್ತಿದೆ. ಜೆಲ್‌ನಲ್ಲಿರುವುದು ಅಕ್ರಿಲೇಟ್, ಮೆಥಾಕ್ರಿಲೇಟ್ ಗುಂಪಿನ ರಾಸಾಯನಿಕಗಳು. ಬೆಳಕು ಬಿದ್ದಾಗ ಅವುಗಳ ಸಣ್ಣ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ. ಪೂರ್ತಿ ಗಟ್ಟಿಯಾದ ಪದರದಿಂದ ತೊಂದರೆ ಅಪರೂಪ; ತೊಂದರೆ ಇರುವುದು ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗುವುದರಲ್ಲಿ. ಇಂದು ತಾಗಿದರೆ ಇಂದೇ ಏನೂ ಆಗದು. ಹತ್ತಾರು ಸಲ ತಾಗಿ ದೇಹ ಅದನ್ನು ಶತ್ರುವೆಂದು ಗುರುತಿಸಿದ ಮೇಲೆ ಬೆರಳ ತುದಿ ಕೆಂಪಾಗಿ, ತುರಿಸಿ, ಸಿಪ್ಪೆಯೇಳುತ್ತದೆ. ಕೈಯಿಂದ ಮುಟ್ಟಿಕೊಂಡ ಕಣ್ಣರೆಪ್ಪೆಯೂ ಊದಿಕೊಳ್ಳಬಹುದು. ಒಮ್ಮೆ ಬಂತೆಂದರೆ ಸಾಮಾನ್ಯವಾಗಿ ಜೀವನಪೂರ್ತಿ. ಇದೇ ಗುಂಪಿನ ರಾಸಾಯನಿಕಗಳು ಹಲ್ಲಿನ ಫಿಲ್ಲಿಂಗ್‌ನಲ್ಲೂ ಮೂಳೆ ಜೋಡಿಸುವ ಸಿಮೆಂಟ್‌ನಲ್ಲೂ ಇರುವುದರಿಂದ ಇದು ಉಗುರಿನ ಮಟ್ಟಕ್ಕೇ ಮುಗಿಯುವ ಸಮಸ್ಯೆಯಲ್ಲ.

ಈ ರಾಸಾಯನಿಕಗಳಲ್ಲಿ ಹೆಚ್ಚು ಕುಖ್ಯಾತವಾದದ್ದು ಹೀಮಾ (HEMA). ಐರೋಪ್ಯ ಒಕ್ಕೂಟ ಅದಿರುವ ಉಗುರು ಉತ್ಪನ್ನಗಳನ್ನು ವೃತ್ತಿಪರರ ಬಳಕೆಗೆ ಮಾತ್ರ ಸೀಮಿತಗೊಳಿಸಿದೆ. ಬೆಳಕಿಗೆ ಸ್ಪಂದಿಸಲು ಸೇರಿಸುವ ಟಿಪಿಒ (TPO) ಎಂಬ ಇನ್ನೊಂದು ಪದಾರ್ಥವನ್ನು 2025ರ ಸೆಪ್ಟೆಂಬರ್ 1ರಿಂದ ಅಲ್ಲಿ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಲಾಗಿದೆ. ನೀವು ಎಲ್ಲೇ ಇರಿ, ಪದಾರ್ಥಗಳ ಪಟ್ಟಿ ಮುದ್ರಿಸದ ಬಾಟಲಿ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಹೀಮಾ ಇಲ್ಲ ಎಂದು ಬರೆದ ಜೆಲ್ ಕೂಡ ಅಲರ್ಜಿ ತರಲಾರದೆಂಬ ಭರವಸೆಯಲ್ಲ. ಅದರಲ್ಲಿ ಬೇರೆ ಅಕ್ರಿಲೇಟ್ ಇದ್ದೇ ಇರುತ್ತದೆ.

ಕೈಯ ಅಭ್ಯಾಸವೇ ಇದಕ್ಕೆ ಮದ್ದು. ಕುಂಚದ ಒಂದು ಮಗ್ಗುಲನ್ನು ಬಾಟಲಿಯ ಕುತ್ತಿಗೆಗೆ ಒರೆಸಿ, ಇನ್ನೊಂದು ಮಗ್ಗುಲಿನಲ್ಲಿ ಸಣ್ಣ ಹನಿಯಷ್ಟೇ ಉಳಿಸಿಕೊಳ್ಳಿ. ಉಗುರಿನ ನಡುವೆ ಇಟ್ಟು, ಬುಡದತ್ತ ನಿಧಾನ ತಳ್ಳಿ, ಚರ್ಮಕ್ಕೆ ಕೂದಲೆಳೆಯಷ್ಟು ಜಾಗ ಬಿಟ್ಟು ನಿಲ್ಲಿಸಿ, ಅಲ್ಲಿಂದ ತುದಿಗೆ ಎಳೆಯಿರಿ. ಚರ್ಮಕ್ಕೆ ತಾಗಿತೋ, ಲ್ಯಾಂಪ್‌ಗೆ ಕೈ ಇಡುವ ಮೊದಲೇ ಮರದ ಕಡ್ಡಿಯಿಂದ ತೆಗೆಯಿರಿ. ಗಟ್ಟಿಯಾದ ಮೇಲೆ ಮೇಲ್ಮೈಯಲ್ಲಿ ಉಳಿಯುವ ಅಂಟನ್ನು ಬೆರಳಿನಿಂದ ಮುಟ್ಟಿ ನೋಡುವ ಚಪಲ ಎಲ್ಲರಿಗೂ ಇರುತ್ತದೆ. ಗಾಳಿಯ ಆಮ್ಲಜನಕದಿಂದಾಗಿ ಗಟ್ಟಿಯಾಗದೆ ಉಳಿದ ಜೆಲ್ಲೇ ಅದು. ಆಲ್ಕೋಹಾಲ್ ಅದ್ದಿದ ನೂಲುದುರದ ಒರೆಸಿನಿಂದ ಬುಡದಿಂದ ತುದಿಯತ್ತ ಒರೆಸಿ, ಪ್ರತಿ ಬೆರಳಿಗೂ ಒರೆಸಿನ ಹೊಸ ಜಾಗ ಬಳಸಿ.

ಗ್ಲೌಸ್ ಹಾಕುವುದಾದರೆ ನೈಟ್ರೈಲ್. ಅದನ್ನೂ ಅಕ್ರಿಲೇಟ್ ಸ್ವಲ್ಪ ಹೊತ್ತಿನಲ್ಲೇ ದಾಟುತ್ತದೆ. ಜೆಲ್ ತಾಗಿದ ಗ್ಲೌಸನ್ನು ಆಗಲೇ ಬದಲಿಸಬೇಕು. ಲೇಟೆಕ್ಸ್ ಹಾಕಿ ನಿಶ್ಚಿಂತೆಯಿಂದಿರುವುದು ಏನೂ ಹಾಕದೆ ಎಚ್ಚರವಾಗಿರುವುದಕ್ಕಿಂತ ಕಡೆ.

ಯಾವ ಲ್ಯಾಂಪ್ ಒಳ್ಳೆಯದು?

ನಿಮ್ಮ ಜೆಲ್ ತಯಾರಕರು ಸೂಚಿಸಿದ್ದು. ವ್ಯಾಟ್ ಹೆಚ್ಚಿದ್ದರೆ ಸಾಕೆಂಬುದು ಅಂಗಡಿಯವರ ಮಾತು. ಈಗಿನ ಬಹುಪಾಲು ಲ್ಯಾಂಪ್‌ಗಳು 365 ಮತ್ತು 405 ನ್ಯಾನೊಮೀಟರ್ ತರಂಗಗಳನ್ನು ಹೊರಸೂಸುತ್ತವೆ. ಆದರೆ ಬಲ್ಬುಗಳ ಜೋಡಣೆ, ತೀವ್ರತೆ, ಸಮಯ ಇವೆಲ್ಲ ಜೆಲ್‌ನೊಂದಿಗೆ ಹೊಂದಬೇಕು. ಹೊಂದದಿದ್ದಾಗ ಮೇಲೆ ಗಟ್ಟಿಯಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಹೆಬ್ಬೆರಳನ್ನು ಬೇರೆಯಾಗಿ ಇಡಿಸಿ, ಇಲ್ಲವಾದರೆ ಅದು ಓರೆಯಾಗಿ ಬೆಳಕಿನಿಂದ ತಪ್ಪಿಸಿಕೊಳ್ಳುತ್ತದೆ. ಗ್ರಾಹಕರು "ಬಿಸಿಯಾಗುತ್ತಿದೆ" ಎಂದರೆ ಪದರ ದಪ್ಪವಾಗಿದೆ ಎಂದರ್ಥ. ಗಟ್ಟಿಯಾಗುವ ಕ್ರಿಯೆಯೇ ಶಾಖ ಹೊಮ್ಮಿಸುತ್ತದೆ. ಕೈ ಹೊರಗೆ ತೆಗೆಸಿ, ತುಸು ತಡೆದು ಮತ್ತೆ ಇಡಿಸಿ. ಮುಂದಿನ ಸಲ ತೆಳ್ಳಗೆ ಹಚ್ಚಿ.

ಅಕ್ರಿಲಿಕ್ ದ್ರವದ ಬಗ್ಗೆ ಏನು ನೋಡಬೇಕು?

ಒಂದೇ ಅಕ್ಷರದ ವ್ಯತ್ಯಾಸ: ಇಎಂಎ (EMA, ಈಥೈಲ್ ಮೆಥಾಕ್ರಿಲೇಟ್) ಇರಬೇಕು, ಎಂಎಂಎ (MMA, ಮೀಥೈಲ್ ಮೆಥಾಕ್ರಿಲೇಟ್) ಇರಬಾರದು. ಎಂಎಂಎ ದ್ರವದಿಂದ ಉಗುರು ಹಾಳಾದ ದೂರುಗಳ ಮೇಲೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1970ರ ದಶಕದಲ್ಲೇ ಕ್ರಮ ಕೈಗೊಂಡಿತ್ತು. ಅಗ್ಗವೆಂಬ ಕಾರಣಕ್ಕೆ ಈಗಲೂ ಅಲ್ಲಲ್ಲಿ ನುಸುಳುತ್ತದೆ. ಮೂಗಿಗೆ ರಾಚುವ ವಾಸನೆ, ಫೈಲ್‌ಗೆ ಜಗ್ಗದ ಗಡಸುತನ, ಅಸಿಟೋನ್‌ನಲ್ಲಿ ನೆನೆಸಿದರೂ ಕರಗದ ಹಠ ಇವು ಅದರ ಗುರುತು. ಅದು ಅಷ್ಟು ಗಟ್ಟಿ ಇರುವುದರಿಂದಲೇ ಕೈ ಎಲ್ಲಾದರೂ ತಗುಲಿದಾಗ ಅಕ್ರಿಲಿಕ್ ಮುರಿಯುವ ಬದಲು ಒಳಗಿನ ನಿಜವಾದ ಉಗುರೇ ಕಿತ್ತು ಬರುತ್ತದೆ.

ವಾಸನೆ ಮತ್ತು ಧೂಳನ್ನು ಹೇಗೆ ನಿಭಾಯಿಸುವುದು?

ಸೀಲಿಂಗ್ ಫ್ಯಾನ್ ಹಾಕುವುದು ಉತ್ತರವಲ್ಲ. ಅದು ಧೂಳನ್ನೂ ಆವಿಯನ್ನೂ ಕೋಣೆಗೆಲ್ಲ ಹಂಚುತ್ತದೆ ಅಷ್ಟೆ. ಗಾಳಿ ಒಂದು ಕಡೆಯಿಂದ ಬಂದು, ಮೇಜಿನ ಮೇಲೆ ಹಾದು, ಇನ್ನೊಂದು ಕಡೆಯಿಂದ ಹೊರಹೋಗಬೇಕು. ಕಿಟಕಿಗೆ ಎಕ್ಸಾಸ್ಟ್ ಫ್ಯಾನ್, ಎದುರಿನ ಬಾಗಿಲ ಕೆಳಗೆ ಸಂದು ಇದ್ದರೆ ಅರ್ಧ ಕೆಲಸ ಆಯಿತು. ಉಗುರಿನ ಪಕ್ಕದಲ್ಲೇ ಧೂಳು ಹೀರುವ ಯಂತ್ರ ಇಟ್ಟರೆ ಇನ್ನೂ ಒಳ್ಳೆಯದು, ಅದರ ಫಿಲ್ಟರನ್ನು ನೆನಪಿಟ್ಟು ತೊಳೆಯುವುದಾದರೆ. ಎನ್95 ಮಾಸ್ಕ್ ಧೂಳನ್ನು ತಡೆಯುತ್ತದೆ, ಆವಿಯನ್ನಲ್ಲ. ಸಾದಾ ಮಾಸ್ಕ್‌ನಿಂದ ಇವೆರಡಕ್ಕೂ ಹೆಚ್ಚಿನ ಪ್ರಯೋಜನವಿಲ್ಲ. ವಾಸನೆ ಮೂಗಿಗೆ ಒಗ್ಗಿಹೋಯಿತು ಎಂದ ಮಾತ್ರಕ್ಕೆ ಆವಿ ಹೋಯಿತು ಎಂದಲ್ಲ.

ಅಸಿಟೋನ್ ಆವಿ ಗಾಳಿಗಿಂತ ಭಾರ. ನೆಲದ ಗುಂಟ ಹರಿದು ದೂರದ ಕಿಡಿಯನ್ನೂ ಮುಟ್ಟಬಲ್ಲದು. ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ. ಕೋಣೆಗೆ ಸೊಗಸು ಬರಲೆಂದು ಸುಗಂಧದ ಮೇಣದಬತ್ತಿ ಹಚ್ಚಿಡುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಮೇಜಿನ ಮೇಲೆ ಆ ದಿನಕ್ಕೆ ಬೇಕಾದಷ್ಟೇ ಅಸಿಟೋನ್ ಸಣ್ಣ ಪಂಪ್ ಬಾಟಲಿಯಲ್ಲಿರಲಿ, ಉಳಿದದ್ದು ತಂಪು ಜಾಗದಲ್ಲಿ ಬೀಗದೊಳಗೆ.

ಉಪಕರಣಗಳನ್ನು ಡೆಟಾಲ್‌ನಲ್ಲಿ ಅದ್ದಿಟ್ಟರೆ ಸಾಲದೇ? ಯುವಿ (ಅತಿನೇರಳೆ ಬೆಳಕಿನ) ಪೆಟ್ಟಿಗೆ ತೆಗೆದುಕೊಂಡರೆ?

ಎರಡೂ ಸಾಲದು. ತೊಳೆಯುವುದು, ಸೋಂಕು ತೆಗೆಯುವುದು, ಕ್ರಿಮಿಗಳನ್ನು ಸಂಪೂರ್ಣ ನಾಶಮಾಡುವುದು ಇವು ಮೂರು ಬೇರೆ ಬೇರೆ ಕೆಲಸ. ಮೊದಲನೆಯದು ಆಗದೆ ಉಳಿದೆರಡು ಆಗವು. ಕಟರ್‌ನ ಸಂದಿಯಲ್ಲಿ ಒಣಗಿದ ಚರ್ಮದ ಚೂರು ಕೂತಿದ್ದರೆ ಯಾವ ದ್ರವವೂ ಅದರ ಅಡಿಗೆ ಇಳಿಯುವುದಿಲ್ಲ.

ಗ್ರಾಹಕರು ಎದ್ದ ಕೂಡಲೇ ಬಳಸಿದ ಲೋಹದ ಉಪಕರಣಗಳನ್ನೆಲ್ಲ 'ಬಳಸಿದ್ದು' ಎಂದು ಬರೆದ ಟ್ರೇಗೆ ಹಾಕಿ. ದಪ್ಪ ಗ್ಲೌಸ್ ತೊಟ್ಟು ಉಗುರುಬೆಚ್ಚಗಿನ ಸೋಪು ನೀರಿನೊಳಗೇ ಬ್ರಷ್‌ನಿಂದ ಉಜ್ಜಿ. ನೀರಿನ ಮೇಲೆ ಉಜ್ಜಿದರೆ ಹನಿ ಮುಖಕ್ಕೆ ಸಿಡಿಯುತ್ತದೆ. ಕಟರ್‌ನ ಕೀಲನ್ನು ಬಿಡಿಸಿ ಹಲ್ಲುಗಳ ನಡುವೆ ತಿಕ್ಕಿ. ತೊಳೆದು, ಪೂರ್ತಿ ಒಣಗಿಸಿ. ಒದ್ದೆ ಉಪಕರಣ ಅದ್ದಿದರೆ ದ್ರವ ತೆಳುವಾಗುತ್ತದೆ. ಆಮೇಲೆ ಆಸ್ಪತ್ರೆ ಅಥವಾ ಸಲೂನ್ ಬಳಕೆಗೆಂದು ತಯಾರಿಸಿದ ಸೋಂಕುನಿವಾರಕದಲ್ಲಿ, ಲೇಬಲ್ ಹೇಳಿದ ಅಳತೆಯಲ್ಲಿ, ಹೇಳಿದಷ್ಟು ನಿಮಿಷ, ಪೂರ್ತಿ ಮುಳುಗುವಂತೆ ಇಡಿ. ಸಾಮಾನ್ಯವಾಗಿ 10 ನಿಮಿಷ. ಹಿಡಿಕೆ ಹೊರಗೆ ಚಾಚಿಕೊಂಡಿದ್ದರೆ ಹಿಡಿಕೆ ಕೊಳಕೇ.

ಚರ್ಮ ಕತ್ತರಿಸುವ, ರಕ್ತ ಬರಬಹುದಾದ ಉಪಕರಣಗಳಿಗೆ ಆಟೋಕ್ಲೇವ್ ಬೇಕು. ಒತ್ತಡದಲ್ಲಿರುವ ಹಬೆ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ನಿಮಿಷ ತಾಗಬೇಕು. ಸರಿಯಾದ ಸಮಯಕ್ಕೆ ನಿಮ್ಮ ಯಂತ್ರದ ಕೈಪಿಡಿ ನೋಡಿ. ನೀರಿನಲ್ಲಿ ಕುದಿಸುವುದು ಇದಕ್ಕೆ ಸಮವಲ್ಲ, 100 ಡಿಗ್ರಿಯನ್ನು ತಾಳಿಕೊಳ್ಳುವ ಬ್ಯಾಕ್ಟೀರಿಯಾ ಬೀಜಕಗಳಿವೆ. ಯುವಿ ಪೆಟ್ಟಿಗೆಯಲ್ಲಿ ಬೆಳಕು ಬಿದ್ದ ಮಗ್ಗುಲಿಗಷ್ಟೇ ಅಷ್ಟಿಷ್ಟು ಪರಿಣಾಮ. ಶುದ್ಧವಾದದ್ದನ್ನು ಇಡಲು ಅದು ಅಂದವಾದ ಕಪಾಟು, ಅದಕ್ಕಿಂತ ಹೆಚ್ಚೇನಲ್ಲ. ಆಟೋಕ್ಲೇವ್ ಕೊಳ್ಳುವ ಸ್ಥಿತಿ ಇನ್ನೂ ಇಲ್ಲದಿದ್ದರೆ ಚರ್ಮ ಕತ್ತರಿಸುವುದನ್ನೇ ಬಿಡಿ. ಉಗುರಿನ ಬುಡದ ಚರ್ಮವನ್ನು ಮೆದುಗೊಳಿಸಿ ಹಿಂದಕ್ಕೆ ತಳ್ಳಿದರೆ ಸಾಕು. ಸೋಂಕು ಒಳಗೆ ಇಳಿಯದಂತೆ ಕಾಯುವ ಮುದ್ರೆ ಅದು. ಅದನ್ನು ಕತ್ತರಿಸಿ ಉಗುರುಸುತ್ತು ತಂದುಕೊಂಡವರು ಕಡಿಮೆಯಿಲ್ಲ.

ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ, ದೇಹದ ಹೊರಗೆ, ಕನಿಷ್ಠ 7 ದಿನ ಸೋಂಕು ಹರಡುವ ಶಕ್ತಿ ಉಳಿಸಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಕಲೆ ಸಾಕು. ಈ ವೃತ್ತಿಯಲ್ಲಿರುವವರು ಅದರ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು.

ಕಾಗದ ಅಂಟಿಸಿದ ಫೈಲ್, ಬಫರ್, ಮರದ ಕಡ್ಡಿ ಇವನ್ನು ಶುದ್ಧಗೊಳಿಸಲು ಬರುವುದಿಲ್ಲ. ಎಸೆಯಿರಿ, ಇಲ್ಲವೇ ಅವರಿಗೇ ಕೊಟ್ಟುಕಳಿಸಿ. ಮೇಜು ಒರೆಸಲು ಆಲ್ಕೋಹಾಲ್ ಬಳಸುವವರು 70 ಶೇಕಡದ್ದನ್ನು ಕೊಳ್ಳಿ. 99 ಶೇಕಡದ್ದು ಹೆಚ್ಚು ಬಲವೆಂದು ತೋರುತ್ತದೆ, ಆದರೆ ಕ್ರಿಮಿಯ ಒಳಗೆ ಇಳಿಯಲು ಸ್ವಲ್ಪ ನೀರೂ ಬೇಕು.

ಪೆಡಿಕ್ಯೂರ್‌ಗೆ ಗುಳ್ಳೆಯೆಬ್ಬಿಸುವ ತೊಟ್ಟಿ ಕೊಳ್ಳಲೇ?

ಬೇಡ. 2000ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಒಂದು ನೇಲ್ ಸಲೂನ್‌ನಲ್ಲಿ ಕಾಲು ನೆನೆಸಿಕೊಂಡ 100ಕ್ಕೂ ಹೆಚ್ಚು ಗ್ರಾಹಕರ ಮೊಣಕಾಲ ಕೆಳಗೆ ತಿಂಗಳುಗಟ್ಟಲೆ ಮಾಯದ ಕುರುಗಳೆದ್ದವು. ಕಾರಣ ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಮ್ ಎಂಬ, ಸಾಮಾನ್ಯ ನೀರಿನಲ್ಲೇ ಇರುವ ಬ್ಯಾಕ್ಟೀರಿಯಾ. ತೊಟ್ಟಿಯ ನೀರು ತಿರುಗಿಸುವ ಜಾಲರಿ ಬಿಚ್ಚಿ ನೋಡಿದಾಗ ಹಿಂದೆ ಕೂದಲು, ಚರ್ಮದ ಚೂರುಗಳ ರಾಶಿ ಇತ್ತು. ಬ್ಯಾಕ್ಟೀರಿಯಾ ಅಲ್ಲಿ ಮನೆ ಮಾಡಿಕೊಂಡಿತ್ತು. ಬರುವ ಮೊದಲು ಕಾಲಿನ ಕೂದಲು ಬೋಳಿಸಿಕೊಂಡವರಿಗೆ ಅಪಾಯ ಹೆಚ್ಚಾಗಿತ್ತೆಂಬುದು ಕೂಡ ಆಗ ಗೊತ್ತಾಯಿತು.

ಕೊಳವೆ, ಜಾಲರಿ ಏನೂ ಇಲ್ಲದ ನುಣುಪಾದ ಬೋಗುಣಿ ತೊಳೆಯಲು ಸುಲಭ. ಒಳಗೆ ಎಸೆಯಬಹುದಾದ ಪ್ಲಾಸ್ಟಿಕ್ ಹಾಸು ಹಾಕಿ, ಆದರೂ ಪ್ರತಿ ಸಲ ಸೋಪಿನಿಂದ ತೊಳೆದು ಸೋಂಕುನಿವಾರಕ ಹಾಕಿ ಒಣಗಿಸಿ. ಆ ದಿನವೋ ಹಿಂದಿನ ದಿನವೋ ಕಾಲಿಗೆ ವ್ಯಾಕ್ಸ್ ಅಥವಾ ರೇಜರ್ ಹಾಕಿದವರಿಗೆ ಪೆಡಿಕ್ಯೂರನ್ನು ಮುಂದೂಡಿ. ಎರಡೂ ಒಂದೇ ದಿನ ಬೇಕೆಂದರೆ ಪೆಡಿಕ್ಯೂರ್ ಮೊದಲು, ವ್ಯಾಕ್ಸ್ ಆಮೇಲೆ.

ವ್ಯಾಕ್ಸಿಂಗ್‌ನಲ್ಲಿ ಎಲ್ಲಿ ಎಡವುತ್ತಾರೆ?

ಕಡ್ಡಿಯಲ್ಲಿ. ಒಮ್ಮೆ ಚರ್ಮಕ್ಕೆ ತಾಗಿದ ಕಡ್ಡಿ ಮತ್ತೆ ವ್ಯಾಕ್ಸ್ ಡಬ್ಬಿಗೆ ಹೋಗಬಾರದು. ಡಬ್ಬಿಯ ಬಿಸಿಗೆ ಕ್ರಿಮಿಗಳೆಲ್ಲ ಸಾಯುತ್ತವೆ ಎಂಬುದು ಸುಳ್ಳು; ಅದು ಚರ್ಮಕ್ಕೆ ಹಚ್ಚುವಷ್ಟೇ ಬಿಸಿ. ಒಬ್ಬರಿಗೆ ಹತ್ತು ಕಡ್ಡಿ ಬೇಕಾದರೆ ಹತ್ತು ಬಳಸಿ, ಆ ಖರ್ಚನ್ನು ದರದಲ್ಲಿ ಸೇರಿಸಿ. ಬಿಸಿಯನ್ನು ನಿಮ್ಮ ಮಣಿಕಟ್ಟಿನ ಒಳಭಾಗದಲ್ಲಿ ಪರೀಕ್ಷಿಸದೆ ಯಾರ ಮೈಗೂ ಹಚ್ಚಬೇಡಿ. ಕೂದಲು ಸುಮಾರು 6 ಮಿ.ಮೀ. ಇದ್ದರೆ ಹಿಡಿತ ಸಿಗುತ್ತದೆ.

ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರಿಗೂ, ನಿಲ್ಲಿಸಿ 6 ತಿಂಗಳಾಗದವರಿಗೂ ವ್ಯಾಕ್ಸ್ ಮಾಡಬಾರದು. ಕೂದಲಿನ ಜೊತೆ ಚರ್ಮವೂ ಎದ್ದು ಬರುತ್ತದೆ. ರೆಟಿನಾಲ್ ಕ್ರೀಂ ಹಚ್ಚುವವರ ಮುಖಕ್ಕೂ ಇದೇ ಎಚ್ಚರ. "ಏನಾದರೂ ಔಷಧಿ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. "ಮೊಡವೆಗೆ ಏನಾದರೂ?" ಎಂದು ಬಿಡಿಸಿ ಕೇಳಿ.

ಹುಬ್ಬಿನ ದಾರವನ್ನು ಬಾಯಲ್ಲಿ ಕಚ್ಚುವ ಬದಲು ಕುತ್ತಿಗೆಗೆ ಕಟ್ಟಿಕೊಂಡು ಮಾಡಲು ಕಲಿಯಿರಿ. ಎರಡು ವಾರ ತೊಡಕೆನಿಸುತ್ತದೆ, ಆಮೇಲೆ ಅದೇ ಸಲೀಸು.

ಯಾರಿಗೆ ಸೇವೆ ನಿರಾಕರಿಸಬೇಕು?

ಉಗುರು ಬುಡದಿಂದ ಎದ್ದಿದ್ದರೆ, ಹಳದಿಗಟ್ಟಿ ಪುಡಿಯಾಗುತ್ತಿದ್ದರೆ, ಸುತ್ತ ಕೀವು ಅಥವಾ ಊತ ಇದ್ದರೆ, ಬೆರಳುಗಳ ನಡುವೆ ಚರ್ಮ ಬಿರಿದಿದ್ದರೆ. ಕೃತಕ ಉಗುರು ಎದ್ದ ಜಾಗದಲ್ಲಿ ಹಸಿರು ಕಲೆ ಕಂಡರೆ ಅದು ಸಾಮಾನ್ಯವಾಗಿ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ. ಮೇಲೆ ಇನ್ನೊಂದು ಪದರ ಬಳಿದು ಮುಚ್ಚುವುದು ಅದಕ್ಕೆ ಮನೆ ಕಟ್ಟಿಕೊಟ್ಟಂತೆ. ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಅಥವಾ ಕಂದು ಪಟ್ಟೆ ಮೂಡಿ ಅಗಲವಾಗುತ್ತಿದ್ದರೆ ಚರ್ಮವೈದ್ಯರನ್ನು ಕಾಣಲು ಹೇಳಿ. ಹೆಚ್ಚಿನವು ನಿರಪಾಯ, ಆದರೆ ಮೆಲನೋಮಾ ಕ್ಯಾನ್ಸರ್ ಕೂಡ ಹೀಗೆ ಕಾಣಿಸಿಕೊಳ್ಳುವುದುಂಟು. ರೋಗದ ಹೆಸರು ಹೇಳುವುದು ನಿಮ್ಮ ಕೆಲಸವಲ್ಲ. "ಇದನ್ನು ವೈದ್ಯರಿಗೆ ತೋರಿಸಿ, ಗುಣವಾದ ಮೇಲೆ ಬನ್ನಿ" ಎಂದಷ್ಟೇ ಹೇಳಿ.

ಮಧುಮೇಹ ಇರುವವರ ಕಾಲನ್ನು ಕತ್ತರಿ, ಬ್ಲೇಡ್, ಬಿಸಿನೀರು ಮೂರರಿಂದಲೂ ದೂರವಿಡಿ. ಅವರಿಗೆ ನೋವು ಗೊತ್ತಾಗದೆ ಗಾಯವಾಗಬಹುದು, ಗಾಯ ಮಾಯಲು ಸಮಯ ಹಿಡಿಯುತ್ತದೆ.

ಕೂದಲ ಬಣ್ಣ, ಹುಬ್ಬಿನ ಬಣ್ಣ, ಅಂಟು ಯಾವುದೇ ಆಗಲಿ, 48 ಗಂಟೆ ಮೊದಲು ಕಿವಿಯ ಹಿಂದೆಯೋ ಮೊಣಕೈ ಒಳಭಾಗದಲ್ಲೋ ಹಚ್ಚಿ ಪರೀಕ್ಷಿಸಿ. "ಹೋದ ವರ್ಷ ಹಚ್ಚಿದ್ದೆ, ಏನೂ ಆಗಲಿಲ್ಲ" ಎಂಬುದನ್ನು ಪುರಾವೆಯೆಂದು ಒಪ್ಪಬೇಡಿ.

ಜೆಲ್ ಹಾಕಿಸಿದರೆ ಉಗುರು ತೆಳುವಾಗುತ್ತದೆ ಎನ್ನುತ್ತಾರಲ್ಲ?

ತೆಗೆಯುವ ರೀತಿಯಿಂದ ತೆಳುವಾಗುತ್ತದೆ. ಜೆಲ್‌ನ ಮೇಲ್ಪದರವನ್ನು ಫೈಲ್‌ನಿಂದ ಹದವಾಗಿ ಉಜ್ಜಿ, ಅಸಿಟೋನ್ ಹತ್ತಿ ಇಟ್ಟು ಫಾಯಿಲ್ ಸುತ್ತಿ 10–15 ನಿಮಿಷ ಬಿಟ್ಟರೆ ಜೆಲ್ ತಾನಾಗಿ ಉಬ್ಬಿ ಏಳುತ್ತದೆ. ಏಳದಿದ್ದರೆ ಇನ್ನೈದು ನಿಮಿಷ ಸುತ್ತಿಡಿ. ಕೆರೆದು ಕೀಳುವವರು ಉಗುರಿನ ಪದರವನ್ನೂ ಕೀಳುತ್ತಾರೆ, ಅದು ಪೂರ್ತಿ ಬೆಳೆದು ಹೋಗಲು ಸುಮಾರು 6 ತಿಂಗಳು ಬೇಕು. ಯಂತ್ರದ ಫೈಲ್ ಬಳಸುವವರು ಮೊದಲು ಪ್ಲಾಸ್ಟಿಕ್ ಉಗುರುಗಳ ಮೇಲೆ ಕೈ ಪಳಗಿಸಿಕೊಳ್ಳಿ. ಒಂದೇ ಜಾಗದಲ್ಲಿ ತುಸು ಹೆಚ್ಚು ನಿಂತರೂ ಉಗುರಿನ ಮೇಲೆ ಕೆಂಪು ಬಳೆಯಂತಹ ಗೀರು ಉಳಿಯುತ್ತದೆ.

ದರ ನಿಗದಿ ಮಾಡುವುದು ಹೇಗೆ? ಮನೆಯಲ್ಲಿ ಮಾಡುವುದರಿಂದ ಕಡಿಮೆ ಇಡಬೇಕಲ್ಲವೇ?

ಏಕೆ? ಉಗುರಿಗೆ ಅದು ಮನೆಯೋ ಮಾರುಕಟ್ಟೆಯೋ ಗೊತ್ತಿಲ್ಲ. ಪಕ್ಕದ ಸಲೂನ್‌ನ ದರ ನೋಡಿ ಅದರಲ್ಲಿ ಒಂದಿಷ್ಟು ಕಳೆಯುವುದು ಸುಲಭದ ದಾರಿ, ಕೈಸುಟ್ಟುಕೊಳ್ಳುವ ದಾರಿಯೂ ಅದೇ.

ಸಮಯದಿಂದ ಲೆಕ್ಕ ಆರಂಭಿಸಿ. ಜೆಲ್ ಹಚ್ಚಲು ನಿಮಗೆ 75 ನಿಮಿಷ ಬೇಕೆಂದುಕೊಳ್ಳಿ. ಆಮೇಲಿನ ಶುಚಿಗೆ 15. ಅಂದರೆ ಆ ಗ್ರಾಹಕರು ನಿಮ್ಮ ದಿನದ ಒಂದೂವರೆ ಗಂಟೆ ಕೊಂಡರು. ಆರು ಗಂಟೆ ಕೆಲಸ ಮಾಡಿದರೆ ನಾಲ್ಕೇ ಜನ. ದರ ಇಡುವಾಗ ಹೆಚ್ಚಿನವರು 75 ನಿಮಿಷದ ಲೆಕ್ಕ ಹಾಕಿ ಐದನೆಯವರನ್ನೂ ತುರುಕುತ್ತಾರೆ, ಆಗ ಬಲಿಯಾಗುವುದು ಶುಚಿಯೇ. ಗಂಟೆಗೆ ನಿಮ್ಮ ದುಡಿಮೆಯ ಬೆಲೆ, ಆ ಸೇವೆಗೆ ಖರ್ಚಾದ ಸಾಮಗ್ರಿ, ವಿದ್ಯುತ್, ನೀರು, ವಿಮೆ, ಸವೆಯುವ ಉಪಕರಣಗಳ ಪಾಲು ಎಲ್ಲ ಕೂಡಿಸಿ. ಬಂದ ಮೊತ್ತ ನೋಡಿ ನಿಮಗೇ ಸಂಕೋಚವಾದರೆ ಇನ್ನೊಮ್ಮೆ ಲೆಕ್ಕ ನೋಡಿ. ಲೆಕ್ಕ ಸರಿಯಿದ್ದರೆ ಸಂಕೋಚ ಬಿಡಿ.

ನೆಂಟರು, ಗೆಳತಿಯರು ಉಚಿತವಾಗಿ ಮಾಡು ಎನ್ನುತ್ತಾರೆ. ಏನು ಹೇಳಲಿ?

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂಬ ಗಾದೆ ಈ ವೃತ್ತಿಯವರನ್ನು ನೋಡಿಯೇ ಹುಟ್ಟಿರಬೇಕು. ಕಲಿಯುವ ದಿನಗಳಲ್ಲಿ ಅವರ ಕೈಗಳು ನಿಮಗೆ ಬೇಕು, ಆಗ ಉಚಿತ. ದರಪಟ್ಟಿ ಗೋಡೆಗೆ ಏರಿದ ದಿನ ಅದು ಮುಗಿಯಿತು ಎಂದು ಮೊದಲೇ ಹೇಳಿಬಿಡಿ. ತೀರಾ ಹತ್ತಿರದವರಿಗೆ ರಿಯಾಯಿತಿ ಕೊಡಬೇಕೆನಿಸಿದರೆ ವಾರದ ಖಾಲಿ ಹೊತ್ತಿನಲ್ಲಿ ಕೊಡಿ, ಹಬ್ಬದ ಹಿಂದಿನ ಸಂಜೆಯಲ್ಲಲ್ಲ.

ಸಮಯ ಕೊಟ್ಟು ಬಾರದವರನ್ನು ಏನು ಮಾಡುವುದು?

ಮುಂಗಡ ತೆಗೆದುಕೊಳ್ಳಿ. ಹಿಂದಿನ ದಿನ ಒಂದು ಸಂದೇಶ ಕಳಿಸಿ. ಇಷ್ಟು ನಿಮಿಷಕ್ಕಿಂತ ತಡವಾದರೆ ವಿನ್ಯಾಸ ಇಲ್ಲ, ಸಾದಾ ಬಣ್ಣ ಮಾತ್ರ ಎಂಬ ನಿಯಮ ಇರಲಿ.

ಗುರುತಿಲ್ಲದವರನ್ನು ಮನೆಯೊಳಗೆ ಬಿಡುವುದು ಹೇಗೆ?

ಎಲ್ಲರನ್ನೂ ಬಿಡಬೇಕಿಲ್ಲ. ಜಾಹೀರಾತಿನಲ್ಲಿ ಬಡಾವಣೆಯ ಹೆಸರಷ್ಟೇ ಇರಲಿ, ಪೂರ್ತಿ ವಿಳಾಸವನ್ನು ಮುಂಗಡ ಬಂದ ಮೇಲೆ ಕಳಿಸಿ. ಆರಂಭದಲ್ಲಿ ಪರಿಚಿತರ ಮೂಲಕ ಬಂದವರನ್ನೇ ತೆಗೆದುಕೊಳ್ಳಿ. ಹೊಸಬರನ್ನು ಮನೆಯಲ್ಲಿ ಬೇರೆ ಯಾರಾದರೂ ಇರುವ ಹೊತ್ತಿಗೆ ಕರೆಯಿರಿ. ಬಾಗಿಲಿಗೆ ಕ್ಯಾಮೆರಾ ಹಾಕಿದರೆ ಒಳ್ಳೆಯದು. ಸೇವೆ ಕೊಡುವ ಕೋಣೆಯೊಳಗೆ ಮಾತ್ರ ಬೇಡವೇ ಬೇಡ. ಒಪ್ಪಿಗೆಯಿಲ್ಲದೆ ಯಾರ ಕೈಯ ಫೋಟೊವನ್ನೂ ಹಾಕಬೇಡಿ. ಅಂತರ್ಜಾಲದಿಂದ ಎತ್ತಿದ ಬೇರೆಯವರ ಕೆಲಸವನ್ನು ನಿಮ್ಮದೆಂದು ತೋರಿಸುವುದು ಸಿಕ್ಕಿಬೀಳುವ ಕಳ್ಳತನ: ಅದೇ ವಿನ್ಯಾಸ ಕೇಳಿ ಯಾರಾದರೂ ಬಂದೇ ಬರುತ್ತಾರೆ.

ಮನೆಯವರಿಗೂ ನಿಯಮ ಬೇಕು. ಕೋಣೆಯ ಬಾಗಿಲು ಮುಚ್ಚಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಮಗು ಬಾಗಿಲು ತಳ್ಳಿ ಬಂದಾಗ ಮೇಜಿನ ಮೇಲೆ ಬಿಸಿ ವ್ಯಾಕ್ಸ್, ಅಸಿಟೋನ್ ಎರಡೂ ಇರುತ್ತವೆ. ನಾಯಿ, ಬೆಕ್ಕುಗಳಿಗೆ ಆ ಕೋಣೆಯ ಹೊಸ್ತಿಲೇ ಗಡಿ. ವಾರಕ್ಕೆ ಒಂದು ದಿನ ಪೂರ್ತಿ, ಉಳಿದ ದಿನಗಳಲ್ಲಿ ನೀವೇ ನಿಗದಿ ಮಾಡಿಕೊಂಡ ಹೊತ್ತಿನ ಮೇಲೆ, ಫೋನ್ ಎತ್ತಬೇಡಿ. ಮನೆಯಲ್ಲೇ ಅಂಗಡಿ ಇಟ್ಟವರಿಗೆ ಅಂಗಡಿ ಮುಚ್ಚುವುದೇ ಕಷ್ಟ.

ಬೆನ್ನು, ಕುತ್ತಿಗೆ ನೋವಿಗೆ ಏನು ಮಾಡಲಿ?

ನೀವು ಕೈಯ ಹತ್ತಿರ ಬಾಗುವ ಬದಲು ಕೈಯನ್ನು ನಿಮ್ಮ ಹತ್ತಿರ ಎತ್ತಿ. ಗ್ರಾಹಕರ ಮಣಿಕಟ್ಟಿನ ಕೆಳಗೆ ದಿಂಬು, ನಿಮ್ಮ ಮೊಣಕೈಗೆ ಮೇಜಿನ ಆಸರೆ, ಪಾದ ನೆಲಕ್ಕೆ. ಕಣ್ಣಿಗೆ ಆಯಾಸವಾಗುತ್ತಿದ್ದರೆ ಮೊದಲು ದೀಪ ಬದಲಿಸಿ.

ಮಾಡಿದ ಕೆಲಸದ ಬಗ್ಗೆ ದೂರು ಬಂದರೆ?

ಮೂರ್ನಾಲ್ಕು ದಿನದಲ್ಲೇ ಜೆಲ್ ಎದ್ದರೆ ವಾದಕ್ಕಿಳಿಯದೆ ಸರಿಮಾಡಿಕೊಡಿ. ಉಗುರಿನ ಮೇಲೆ ಎಣ್ಣೆಯಂಶವೋ ಚರ್ಮದ ತೆಳುಪೊರೆಯೋ ಉಳಿದಿತ್ತೆಂದೇ ಹೆಚ್ಚಾಗಿ ಅರ್ಥ. ತುರಿಕೆ, ಗುಳ್ಳೆ, ಊತ ಎಂದರೆ ಮಾತ್ರ ಇನ್ನೇನೂ ಹಚ್ಚಬೇಡಿ. ತೆಗೆದುಹಾಕಿ, ವೈದ್ಯರಲ್ಲಿಗೆ ಕಳಿಸಿ, ಬಳಸಿದ ಉತ್ಪನ್ನದ ಹೆಸರು, ಬ್ಯಾಚ್ ಸಂಖ್ಯೆ ಬರೆದುಕೊಡಿ. ಅದು ನಿಮ್ಮ ಬಳಿ ಇರಬೇಕಾದರೆ ಪ್ರತಿ ಗ್ರಾಹಕರಿಗೂ ಒಂದು ಕಾರ್ಡ್ ಇರಬೇಕು: ದಿನಾಂಕ, ಸೇವೆ, ಬಳಸಿದ ಬಾಟಲಿ, ಅಲರ್ಜಿ, ಔಷಧಿ, ಸಹಿ. ಕಾರ್ಡ್‌ಗಳನ್ನು ಬೀಗದಲ್ಲಿಡಿ, ಅವು ಇನ್ನೊಬ್ಬರ ಆರೋಗ್ಯದ ವಿವರಗಳು.

ಕಸವನ್ನು ಮನೆಯ ಕಸದ ಜೊತೆಗೇ ಹಾಕಬಹುದೇ?

ಹತ್ತಿ, ಟವೆಲ್, ಫೈಲ್‌ಗಳನ್ನು ಕಟ್ಟಿದ ಚೀಲದಲ್ಲಿ ಹಾಕಬಹುದು. ಅಸಿಟೋನ್ ಹತ್ತಿ ಮುಚ್ಚಳದ ಲೋಹದ ಡಬ್ಬಿಗೆ, ಆ ಸಂಜೆಯೇ ಮನೆಯಿಂದ ಹೊರಗೆ. ಉಳಿದ ಅಸಿಟೋನ್ ಅಥವಾ ಅಕ್ರಿಲಿಕ್ ದ್ರವವನ್ನು ಸಿಂಕ್‌ಗೆ ಸುರಿಯಬೇಡಿ, ರಾಸಾಯನಿಕ ಕಸ ಸಂಗ್ರಹಿಸುವ ವ್ಯವಸ್ಥೆ ಎಲ್ಲಿದೆಯೆಂದು ವಿಚಾರಿಸಿ. ಬ್ಲೇಡ್‌ಗಳಿಗೆ ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಿ ಬೇಕು. ಹಸಿ ಜೆಲ್ ಅಂಟಿದ ಒರೆಸುಗಳನ್ನು ಎಸೆಯುವ ಮೊದಲು ಲ್ಯಾಂಪ್‌ನ ಕೆಳಗೆ ಹರಡಿ ಗಟ್ಟಿಯಾಗಿಸಿ; ಚೀಲ ಹರಿದರೂ ಕಸ ಎತ್ತುವವರ ಕೈಗೆ ಹಸಿ ಜೆಲ್ ತಾಗುವುದಿಲ್ಲ.